ಒಂದು ರಸ್ತೆ, ಹತ್ತು ಯಜಮಾನರು: ವಾರ್ಡ್ ಕಾಮಗಾರಿಯನ್ನು ಮಳೆಗೆ ಮೊದಲು ಎಲ್ಲರೂ ಸೇರಿ ಮುಗಿಸುವುದು ಹೇಗೆ?

ಮಂಗಳೂರಾಗಲಿ ಉಡುಪಿಯಾಗಲಿ, ಹೊಸ ಕಾಂಕ್ರೀಟ್ ಹಾಕಿ ಮೂರು ತಿಂಗಳಾಗಿರುವುದಿಲ್ಲ, ಅಷ್ಟರಲ್ಲಿ ಜೆಸಿಬಿ ಬಂದು ಅದೇ ರಸ್ತೆಯನ್ನು ಅಗೆಯುತ್ತಿರುತ್ತದೆ. ದುಡ್ಡು ತಿಂದಿದ್ದಾರೆ ಅಂತ ಜನ ಬೈಯುತ್ತಾರೆ. ಕೆಲವು ಕಡೆ ಅದೂ ಇರಬಹುದು. ಆದರೆ ಜಾಸ್ತಿ ಕಡೆ ಕಾರಣ ಬೇರೆಯೇ ಇರುತ್ತದೆ. ರಸ್ತೆ ಹಾಕುವವರಿಗೆ ಪೈಪ್ ಹಾಕುವವರ ಪ್ಲಾನ್ ಗೊತ್ತಿಲ್ಲ, ಪೈಪಿನವರಿಗೆ ರಸ್ತೆಯ ವರ್ಕ್ ಆರ್ಡರ್ ಯಾವಾಗ ಆಯಿತು ಅಂತ ಗೊತ್ತಿಲ್ಲ, ಇಬ್ಬರ ಹತ್ತಿರವೂ ಮಂಜೂರಾತಿ ಇದೆ, ಇಬ್ಬರ ಫೈಲೂ ಸರಿ ಇದೆ, ರಸ್ತೆ ಮಾತ್ರ ಹಾಳಾಗಿದೆ.

ಇದನ್ನು ತಪ್ಪಿಸಲು ದೊಡ್ಡ ಸಾಫ್ಟ್‌ವೇರ್ ಬೇಕಾಗಿಲ್ಲ. ಕೆಲಸ ನಿಜವಾಗಿ ಕೈಯಲ್ಲಿ ಮಾಡುವವರನ್ನು ಸರಿಯಾದ ಹೊತ್ತಿಗೆ ಒಂದೇ ಜಾಗಕ್ಕೆ ಕರೆಸಿ, ಅವರ ಬಾಯಿಂದಲೇ ದಿನಾಂಕ ಹೇಳಿಸಿ, ಅದನ್ನು ಎಲ್ಲರಿಗೂ ಕಾಣುವ ಹಾಗೆ ಬರೆದಿಟ್ಟರೆ ಮುಕ್ಕಾಲು ಕೆಲಸ ಆದ ಹಾಗೆ. ವಾರ್ಡ್ ಸಮಿತಿಯಲ್ಲಿರುವವರು, ಹೊಸದಾಗಿ ಸೇರಿದ ಜೂನಿಯರ್ ಎಂಜಿನಿಯರ್‌ಗಳು (ಜೆಇ), ಪಂಚಾಯತ್ ಸದಸ್ಯರು, ಸಣ್ಣ ಗುತ್ತಿಗೆದಾರರು, ಇವರಿಗೆಲ್ಲ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಅರ್ಧ ಕಿಲೋಮೀಟರ್ ಉದ್ದದ ಒಂದು ವಾರ್ಡ್ ರಸ್ತೆ ಇಟ್ಟುಕೊಳ್ಳೋಣ. ಒಂದು ಬದಿಗೆ ಚರಂಡಿ, ನಡುವೆ ಒಂದು ಮೋರಿ, ಚರಂಡಿ ನೀರು ಹೋಗಿ ಸೇರುವುದು ಕೆಳಗಿನ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ.

ಮೊದಲು, ಯಾರು ಯಾರು ಅಂತ ಪಟ್ಟಿ ಮಾಡಿ

ರಸ್ತೆ ಯಾರದ್ದು ಅನ್ನುವುದರಿಂದ ಶುರು ಮಾಡಿ. ಒಳರಸ್ತೆ ಪಾಲಿಕೆಯದ್ದೋ ನಗರಸಭೆಯದ್ದೋ ಆಗಿರುತ್ತದೆ, ಆದರೆ ಅದು ಹೋಗಿ ಸೇರುವ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದ್ದಿರಬಹುದು, ರಾಷ್ಟ್ರೀಯ ಹೆದ್ದಾರಿ 66 ಆದರೆ ಹೆದ್ದಾರಿ ಪ್ರಾಧಿಕಾರದ್ದು. ನಿಮ್ಮ ಚರಂಡಿ ನೀರು ಅವರ ಮೋರಿಯೊಳಗೆ ಹೋಗಬೇಕಾದರೆ ಅವರೂ ನಿಮ್ಮ ಪಟ್ಟಿಯಲ್ಲಿ ಇರಲೇಬೇಕು.

ಆಮೇಲೆ ರಸ್ತೆಯ ಕೆಳಗೆ ಏನಿದೆ, ಮೇಲೆ ಏನಿದೆ ನೋಡಿ. ಕುಡಿಯುವ ನೀರಿನ ಹಳೆ ಪೈಪು, ಮಂಗಳೂರಾದರೆ ಅದರ ಜೊತೆಗೆ ಜಲಸಿರಿ ಯೋಜನೆಯ ಹೊಸ ಪೈಪು, ಒಳಚರಂಡಿ, ವಿದ್ಯುತ್ ಕಂಪನಿ ಮೆಸ್ಕಾಂನ ಕಂಬ ಮತ್ತು ಕೇಬಲ್, ಟೆಲಿಫೋನ್ ಕಂಪನಿಗಳ ಫೈಬರ್, ಮನೆಮನೆಗೆ ಗ್ಯಾಸ್ ಪೈಪು. ಗ್ಯಾಸ್ ಮಂಗಳೂರು ಕಡೆ ಗೇಲ್ ಗ್ಯಾಸ್‌ನವರದ್ದು, ಉಡುಪಿ ಕಡೆ ಅದಾನಿಯವರದ್ದು. ಮರ ಕಡಿಯಬೇಕಾದರೆ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ರಸ್ತೆ ಬಂದ್ ಮಾಡಲು ಟ್ರಾಫಿಕ್ ಪೊಲೀಸರಿಗೆ ತಿಳಿಸಬೇಕು. ಪಕ್ಕದಲ್ಲಿ ರೈಲು ಹಳಿ ಇದ್ದರೆ ಇನ್ನೂ ಹುಷಾರಾಗಿರಬೇಕು, ಏಕೆಂದರೆ ಮಂಗಳೂರಿನಲ್ಲಿ ರೈಲ್ವೆ ಅಂದರೆ ಒಂದಲ್ಲ, ದಕ್ಷಿಣ ರೈಲ್ವೆ, ನೈಋತ್ಯ ರೈಲ್ವೆ, ಕೊಂಕಣ ರೈಲ್ವೆ ಅಂತ ಮೂರಿದೆ. ತಪ್ಪು ಕಚೇರಿಗೆ ಕಾಗದ ಬರೆದು ಕೂತರೆ ತಿಂಗಳುಗಟ್ಟಲೆ ಹಾಗೇ ಹೋಗುತ್ತದೆ.

ಪಟ್ಟಿಯಲ್ಲಿ 'ಮೆಸ್ಕಾಂ' ಅಂತ ಬರೆದರೆ ಸಾಲದು. ಕಂಬ ಬದಲಿಸಲು ಎಸ್ಟಿಮೇಟ್ ಮಾಡುವ ಅಧಿಕಾರಿ ಯಾರು, ಅದಕ್ಕೆ ಸಹಿ ಹಾಕುವವರು ಯಾರು, ಆ ದಿನ ಲೈನ್ ಆಫ್ ಮಾಡುವ ಲೈನ್‌ಮ್ಯಾನ್ ಯಾರು ಅಂತ ಹೆಸರು, ನಂಬರ್ ಸಮೇತ ಬರೆಯಿರಿ. ಪ್ರತಿ ಕೆಲಸಕ್ಕೂ ಮಾಡುವವರು ಯಾರು, ಕೊನೆಯ ಜವಾಬ್ದಾರಿ ಯಾರದ್ದು, ಯಾರನ್ನು ಕೇಳಿ ಮಾಡಬೇಕು, ಯಾರಿಗೆ ತಿಳಿಸಿದರೆ ಸಾಕು ಅಂತ ನಾಲ್ಕು ಕಾಲಮ್ ಇರಲಿ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಓದಿದವರು ಇದನ್ನು ರೇಸಿ ಚಾರ್ಟ್ ಅನ್ನುತ್ತಾರೆ. ಇದರಲ್ಲಿ ಒಂದೇ ನಿಯಮ ಮುಖ್ಯ: ಕೊನೆಯ ಜವಾಬ್ದಾರಿಯ ಕಾಲಮ್‌ನಲ್ಲಿ ಒಂದೇ ಹೆಸರು ಇರಬೇಕು. ಎರಡು ಹೆಸರು ಬರೆದಿರೋ, ಆ ಕೆಲಸ ಇಬ್ಬರೂ ಮಾಡುವುದಿಲ್ಲ.

ಎಸ್ಟಿಮೇಟ್‌ಗೆ ಮೊದಲು ಒಟ್ಟಿಗೆ ನಡೆಯಿರಿ

ಇದಕ್ಕೆ ಒಂದು ಬೆಳಗ್ಗೆ ಕೊಟ್ಟರೆ ಸಾಕು. ಆದರೆ ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಜೆಇ, ಮೆಸ್ಕಾಂನವರು, ಒಳಚರಂಡಿಯವರು, ಊರಿನ ಒಬ್ಬಿಬ್ಬರು ಹಿರಿಯರು, ಇವರ ಜೊತೆ ತಪ್ಪದೆ ಆ ಭಾಗದ ವಾಲ್ವ್‌ಮ್ಯಾನ್‌ನನ್ನು ಕರೆಯಿರಿ. ಹಳೆ ಪೈಪಿನ ನಕಾಶೆ ಕಚೇರಿಯಲ್ಲಿ ಇಲ್ಲದಿದ್ದರೂ ಅವನ ತಲೆಯಲ್ಲಿ ಇರುತ್ತದೆ. ದಿನಾ ಬೆಳಗ್ಗೆ ವಾಲ್ವ್ ತಿರುಗಿಸುವವನು ಅವನು. ಪೈಪು ಯಾವ ಕಂಪೌಂಡಿನ ಹತ್ತಿರ ರಸ್ತೆ ದಾಟುತ್ತದೆ, ಯಾವ ತಿರುವಿನಲ್ಲಿ ಎರಡು ವರ್ಷದ ಹಿಂದೆ ಒಡೆದು ತೇಪೆ ಹಾಕಿದ್ದು, ಯಾವ ವಾಲ್ವ್ ಡಾಂಬರಿನ ಕೆಳಗೆ ಮುಚ್ಚಿಹೋಗಿದೆ, ಎಲ್ಲ ಹೇಳುತ್ತಾನೆ. ಅವನು ತೋರಿಸಿದ ಕಡೆಯಲ್ಲೆಲ್ಲ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಿರಿ. ಕಂಬ, ಮ್ಯಾನ್‌ಹೋಲ್, ಮರ, ಗೇಟು ಎಲ್ಲಕ್ಕೂ ಗುರುತು ಹಾಕಿ ಫೋಟೋ ತೆಗೆಯಿರಿ. ಅನುಮಾನ ಇದ್ದ ಕಡೆ ಕೈಯಲ್ಲೇ ಒಂದು ಸಣ್ಣ ಗುಂಡಿ ತೋಡಿಸಿ ನೋಡಿ. ಆ ಗುಂಡಿಗೆ ಆಗುವ ಕೂಲಿ, ಜೆಸಿಬಿ ಪೈಪು ಒಡೆದು ಇಡೀ ವಾರ್ಡಿಗೆ ನೀರಿಲ್ಲದಂತಾದರೆ ಆಗುವ ನಷ್ಟದ ಮುಂದೆ ಏನೂ ಅಲ್ಲ.

ಕೇಬಲ್, ಗ್ಯಾಸ್‌ನವರನ್ನು ಕರೆಯಲು ಈಗ ಒಂದು ಸುಲಭ ದಾರಿಯೂ ಇದೆ. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಅನ್ನುವ ಆ್ಯಪ್ ತಂದಿದೆ. ಅಗೆಯುವವರು ಜಾಗ ಮತ್ತು ದಿನ ಹಾಕಿದರೆ ಅಲ್ಲಿ ನೆಲದಡಿ ಆಸ್ತಿ ಇರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತದೆ. ಗುತ್ತಿಗೆದಾರರಿಗೆ ಹೇಳಿ ಇದನ್ನು ಬಳಸಿಸಿ. ಆದರೆ ಆ್ಯಪ್‌ನಲ್ಲಿ ಹಾಕಿದೆವಲ್ಲ ಅಂತ ಫೋನ್ ಮಾಡುವುದನ್ನು ಬಿಡಬೇಡಿ.

ನಡೆಯುವಾಗ ನೋಡಲೇಬೇಕಾದ ಇನ್ನೊಂದು ವಿಷಯ ಲೆವೆಲ್. ಹಳೆ ಡಾಂಬರಿನ ಮೇಲೆಯೇ ಕಾಂಕ್ರೀಟ್ ಹಾಕಿದರೆ ರಸ್ತೆ ಏರುತ್ತದೆ, ಮನೆಯಂಗಳ ಕೆಳಗಾಗುತ್ತದೆ, ಜೂನ್‌ನಲ್ಲಿ ಮೊದಲ ಜೋರು ಮಳೆಗೆ ನೀರು ಸೀದಾ ಗೇಟಿನೊಳಗೆ ಬರುತ್ತದೆ. ಆಗ ಶುರುವಾಗುವ ಜಗಳಕ್ಕೆ ಕೊನೆ ಇಲ್ಲ. ಹಾಗಾಗಿ ಹೊಸ ರಸ್ತೆಯ ಮೇಲ್ಮಟ್ಟ ಎಲ್ಲಿಗೆ ಬರುತ್ತದೆ ಅಂತ ಪ್ರತಿ ಕಂಪೌಂಡ್ ಗೋಡೆಯ ಮೇಲೆ ಕೆಂಪು ಪೈಂಟಿನಲ್ಲಿ ಗೆರೆ ಹಾಕಿಸಿ, ಮನೆಯವರನ್ನು ಕರೆದು ತೋರಿಸಿ. ಆ ಗೆರೆ ಅವರ ಅಂಗಳಕ್ಕಿಂತ ಮೇಲಿದ್ದರೆ ಅಲ್ಲೇ ಹೇಳುತ್ತಾರೆ. ಕಾಗದದ ಮೇಲೆ ಇರುವಾಗ ಲೆವೆಲ್ ತಗ್ಗಿಸುವುದು ಸುಲಭ, ಅಗೆದು ತೆಗೆಯುವ ಖರ್ಚನ್ನು ಎಸ್ಟಿಮೇಟ್‌ನಲ್ಲಿ ಸೇರಿಸಿದರೆ ಆಯಿತು.

ಈ ಹಂತದಲ್ಲಿ ಒಂದು ಎಚ್ಚರ ಇರಲಿ. ಒಟ್ಟಾಗಿ ಕೆಲಸ ಮಾಡುವುದು ಅಂದರೆ ಟೆಂಡರಿಗೆ ಮೊದಲೇ ಗುತ್ತಿಗೆದಾರರನ್ನು ಕೂರಿಸಿಕೊಂಡು ಎಸ್ಟಿಮೇಟ್ ಮಾಡುವುದಲ್ಲ. ಸರ್ಕಾರಿ ಟೆಂಡರ್‌ಗಳಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ, ಟೆಂಡರ್ ತಪ್ಪಿಸಲು ಕೆಲಸವನ್ನು ತುಂಡು ತುಂಡು ಮಾಡುವುದಕ್ಕೂ ಅವಕಾಶ ಇಲ್ಲ. ಗುತ್ತಿಗೆದಾರರು ಮೇಜಿಗೆ ಬರಬೇಕಾದದ್ದು ವರ್ಕ್ ಆರ್ಡರ್ ಆದ ಮೇಲೆ.

ಕೊನೆಯ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಘಟ್ಟದ ಮೇಲಿನವರ ವೇಳಾಪಟ್ಟಿ ಇಲ್ಲಿ ನಡೆಯುವುದಿಲ್ಲ. ಜೂನ್‌ವರೆಗೆ ಸಮಯ ಇದೆ ಅಂತಲೂ ನಂಬಬೇಡಿ. 2018ರ ಮೇ 29ರಂದು ಮಂಗಳೂರಿನಲ್ಲಿ ಏನಾಯಿತು ಅಂತ ನೆನಪಿದೆಯಲ್ವಾ? ಒಂದೇ ದಿನದ ಮಳೆಗೆ ನಗರದ ತಗ್ಗು ಜಾಗಗಳೆಲ್ಲ ಮುಳುಗಿದವು. ಹಾಗಾಗಿ ಕೆಲಸ ಮುಗಿಯುವ ಗಡುವು ಮೇ 15 ಅಂತ ಇಟ್ಟುಕೊಳ್ಳಿ.

ಈಗ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಬಲಗಡೆ ತುದಿಗೆ ಮೇ 15 ಬರೆಯಿರಿ, ಅಲ್ಲಿಂದ ಎಡಕ್ಕೆ ಬನ್ನಿ. ಪ್ರತಿ ಇಲಾಖೆಯವರ ಕೈಗೂ ಒಂದೊಂದು ಬಣ್ಣದ ಚೀಟಿ ಕೊಟ್ಟು, ತಮ್ಮ ಕೆಲಸ ಮತ್ತು ಅದಕ್ಕೆ ಬೇಕಾದ ದಿನ ಅವರೇ ಬರೆದು ಅಂಟಿಸಲಿ. ಕಟ್ಟಡ ಕೆಲಸದಲ್ಲಿ ಇದಕ್ಕೆ ಪುಲ್ ಪ್ಲಾನಿಂಗ್ ಅನ್ನುತ್ತಾರೆ. 'ಈ ಕೆಲಸ ಶುರು ಮಾಡಲು ಇದಕ್ಕೆ ಮೊದಲು ಏನು ಮುಗಿದಿರಬೇಕು?' ಅಂತ ಪ್ರತಿಯೊಬ್ಬರನ್ನೂ ಕೇಳುತ್ತಾ ಹಿಂದೆ ಹೋಗುವುದು.

ನಮ್ಮ ಅರ್ಧ ಕಿಲೋಮೀಟರ್ ರಸ್ತೆಗೆ ಮಾಡಿ ನೋಡೋಣ. ಕಾಂಕ್ರೀಟ್ ರಸ್ತೆಗೆ ಕನಿಷ್ಠ 14 ದಿನ ನೀರು ಹಿಡಿಸಬೇಕು, ಲೆಕ್ಕದ ಬಲ ಬರುವುದು 28 ದಿನಕ್ಕೆ, ಅದಕ್ಕೆ ಮೊದಲು ಲಾರಿ ಬಿಡಬಾರದು. ಅಂದರೆ ಕೊನೆಯ ಕಾಂಕ್ರೀಟ್ ಏಪ್ರಿಲ್ 17ರೊಳಗೆ ಬೀಳಬೇಕು. ಸಾಮಾನ್ಯವಾಗಿ ಲೆಕ್ಕ ತಪ್ಪುವುದು ಇದರ ನಂತರ. ಮನೆಯವರಿಗೆ ಓಡಾಡಲು ಬೇರೆ ದಾರಿ ಇಲ್ಲದಿದ್ದರೆ ರಸ್ತೆಯನ್ನು ಅರ್ಧ ಅಗಲ ಮಾತ್ರ ಹಾಕಿ, ಅದು ಗಟ್ಟಿಯಾದ ಮೇಲೆ ಇನ್ನರ್ಧ ಹಾಕಬೇಕಾಗುತ್ತದೆ. ಆಗ 28 ದಿನ ಎರಡು ಸಲ ಬರುತ್ತದೆ. ಮೊದಲ ಅರ್ಧ ಮಾರ್ಚ್ 20ರೊಳಗೆ ಮುಗಿದಿರಬೇಕು. ಅದಕ್ಕೆ ಮೊದಲು ಚರಂಡಿ ಮತ್ತು ಮೋರಿ, ಅಂದರೆ ಫೆಬ್ರವರಿ. ಅದಕ್ಕೆ ಮೊದಲು ನೀರಿನ ಪೈಪು, ಮನೆಗಳ ಕನೆಕ್ಷನ್, ಒತ್ತಡ ಕೊಟ್ಟು ಸೋರಿಕೆ ಪರೀಕ್ಷೆ, ಅಂದರೆ ಜನವರಿ. ಕಂಬ ಸರಿಸುವುದು ಡಿಸೆಂಬರ್. ವರ್ಕ್ ಆರ್ಡರ್ ನವೆಂಬರ್ ಶುರುವಿನಲ್ಲೇ ಕೈಯಲ್ಲಿರಬೇಕು, ಟೆಂಡರ್ ಅದಕ್ಕೂ ಮೊದಲು, ಎಸ್ಟಿಮೇಟ್ ಮತ್ತು ತಾಂತ್ರಿಕ ಮಂಜೂರಾತಿ ಜುಲೈ-ಆಗಸ್ಟ್‌ನಲ್ಲಿ.

ನೋಡಿ, ಪ್ಲಾನ್ ಮಾಡುವ ಕಾಲ ಮಳೆಗಾಲವೇ. ಅದರಲ್ಲಿ ಇನ್ನೊಂದು ಲಾಭವೂ ಇದೆ. ಜುಲೈನಲ್ಲಿ ಕೊಡೆ ಹಿಡಿದು ಆ ರಸ್ತೆಯಲ್ಲಿ ನಿಂತರೆ ನೀರು ಎಲ್ಲಿ ನಿಲ್ಲುತ್ತದೆ, ಯಾವ ಕಡೆಯಿಂದ ಹರಿದು ಬರುತ್ತದೆ, ಮೋರಿ ಸಾಲುತ್ತದಾ ಇಲ್ಲವಾ ಅನ್ನುವುದು ಕಣ್ಣಿಗೇ ಕಾಣುತ್ತದೆ. ಫೋಟೋ ವಿಡಿಯೋ ತೆಗೆದು ಎಸ್ಟಿಮೇಟ್ ಫೈಲಿಗೆ ಸೇರಿಸಿ. ಜನವರಿಯ ಬಿಸಿಲಲ್ಲಿ ಒಣಗಿದ ಚರಂಡಿ ನೋಡಿ ಅಳತೆ ಹಾಕಿದರೆ ಅದು ಊಹೆಯೇ ಆಗುತ್ತದೆ. ಚರಂಡಿ ಕೆಲಸವನ್ನು ತೋಡಿನ ಬದಿಯಿಂದ, ಅಂದರೆ ತಗ್ಗಿನಿಂದ ಏರಿಗೆ ಮಾಡಿಸಿ. ಮೇಲಿನಿಂದ ಶುರು ಮಾಡಿ ನಡುವೆ ಕೆಲಸ ನಿಂತರೆ ನೀರೆಲ್ಲ ಬಂದು ಯಾರದೋ ಮನೆ ಮುಂದೆ ನಿಲ್ಲುತ್ತದೆ.

ಅದೇ ಹಾಳೆಯ ಮೇಲೆ ಊರಿನ ಕ್ಯಾಲೆಂಡರನ್ನೂ ಬರೆಯಿರಿ. ಆ ರಸ್ತೆಯ ದೈವಸ್ಥಾನದ ನೇಮ ಯಾವಾಗ, ಜಾತ್ರೆ ಯಾವಾಗ, ಚರ್ಚ್ ಹಬ್ಬ, ಉರೂಸ್, ಮದುವೆ ಹಾಲ್ ಇದ್ದರೆ ಮುಹೂರ್ತದ ದಿನಗಳು. ಉಡುಪಿಯಾದರೆ ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯ, ಆ ಹೊತ್ತಿಗೆ ಪೇಟೆಯ ಯಾವ ರಸ್ತೆಯನ್ನೂ ಅಗೆದು ಇಡಲು ಆಗುವುದಿಲ್ಲ. ಕುದ್ರೋಳಿ ಕಡೆಯಾದರೆ ದಸರಾ. ಚುನಾವಣೆ ನೀತಿ ಸಂಹಿತೆ ಬಂದರೆ ಹೊಸ ಕೆಲಸ ಶುರು ಮಾಡುವ ಹಾಗಿಲ್ಲ, ನಡೆಯುತ್ತಿರುವುದನ್ನು ಮುಂದುವರಿಸಬಹುದು, ಹಾಗಾಗಿ ಆ ದಿನಾಂಕದ ಮೇಲೆ ಒಂದು ಕಣ್ಣಿರಲಿ. ಕೆಲಸಗಾರರು ಹಬ್ಬಕ್ಕೆ ಊರಿಗೆ ಹೋಗುವ ದಿನಗಳನ್ನು ಮೇಸ್ತ್ರಿ ಹತ್ತಿರ ಮೊದಲೇ ಕೇಳಿಕೊಳ್ಳಿ. ಮರಳು, ಕೆಂಪುಕಲ್ಲು ಸಿಗದೆ ಎಷ್ಟು ಕೆಲಸ ನಿಂತಿದೆ ಅಂತ ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ.

ವಾರಕ್ಕೊಂದು ಸಲ ಸೈಟ್‌ನಲ್ಲೇ ನಿಂತು ಮಾತಾಡಿ

ಕೆಲಸ ಶುರುವಾದ ಮೇಲೆ ನನ್ನ ಪ್ರಕಾರ ಅತಿ ಮುಖ್ಯ ಇದು. 1990ರ ದಶಕದಲ್ಲಿ ಗ್ಲೆನ್ ಬ್ಯಾಲಾರ್ಡ್, ಗ್ರೆಗ್ ಹಾವೆಲ್ ಅನ್ನುವ ಇಬ್ಬರು ಅಮೆರಿಕದಲ್ಲಿ ಕಾಮಗಾರಿಗಳನ್ನು ಗಮನಿಸಿ 'ಲಾಸ್ಟ್ ಪ್ಲಾನರ್' ಅನ್ನುವ ಪದ್ಧತಿ ತಂದರು. ದೊಡ್ಡ ವೇಳಾಪಟ್ಟಿ ಕಚೇರಿಯಲ್ಲಿ ತಯಾರಾಗುತ್ತದೆ, ಆದರೆ ನಾಳೆ ಬೆಳಗ್ಗೆ ಏನು ಕೆಲಸ ಅಂತ ತೀರ್ಮಾನ ಮಾಡುವವನು ಮೇಸ್ತ್ರಿ. ಆ ಕೊನೆಯ ಮನುಷ್ಯನನ್ನು ಪ್ಲಾನ್ ಮಾಡುವಾಗ ಕೇಳದಿದ್ದರೆ ಪ್ಲಾನ್ ನಡೆಯುವುದಿಲ್ಲ ಅನ್ನುವುದು ಅವರ ವಾದ. ನಮ್ಮ ಕಡೆಗೆ ಇದು ತುಂಬ ಒಪ್ಪುತ್ತದೆ, ಏಕೆಂದರೆ ನಮ್ಮಲ್ಲಿ ಮೀಟಿಂಗ್ ನಡೆಯುವುದು ಮೇಲಿನವರ ಕೋಣೆಯಲ್ಲಿ, ಮೇಸ್ತ್ರಿ, ಲೈನ್‌ಮ್ಯಾನ್, ವಾಲ್ವ್‌ಮ್ಯಾನ್ ಯಾರೂ ಅಲ್ಲಿ ಇರುವುದಿಲ್ಲ.

ಸೋಮವಾರ ಬೆಳಗ್ಗೆ 20 ನಿಮಿಷ ಸೈಟ್‌ನಲ್ಲೇ ಸೇರಿ. ಕುರ್ಚಿ ಬೇಡ. ಹಳೆಯ ಫ್ಲೆಕ್ಸ್‌ನ ಬಿಳಿ ಬೆನ್ನಿನ ಮೇಲೆ ಮಾರ್ಕರ್‌ನಲ್ಲಿ ಈ ವಾರದ ಕೆಲಸ, ಮಾಡುವವರ ಹೆಸರು, ಮುಗಿಸುವ ದಿನ ಬರೆದು ರಸ್ತೆ ಬದಿಗೆ ಕಟ್ಟಿಬಿಡಿ. ದಿನಾಂಕವನ್ನು ನೀವು ಹೇರಬೇಡಿ, ಕೇಳಿ.

'ಮೂರನೇ ಕಂಬ ಗುರುವಾರದೊಳಗೆ ತೆಗೆಯಲು ಆಗುತ್ತದಾ?'

'ಗುರುವಾರ ಆಗುವುದಿಲ್ಲ ಸರ್. ಲೈನ್ ಆಫ್ ಮಾಡಲು ಒಪ್ಪಿಗೆ ಬರಬೇಕು. ಶನಿವಾರ ಖಂಡಿತ ಆಗುತ್ತದೆ.'

'ಸರಿ, ಶನಿವಾರ ಬರೆಯುತ್ತೇನೆ. ಮೇಸ್ತ್ರಿ, ಹಾಗಾದರೆ ಚರಂಡಿ ಅಗೆಯುವುದನ್ನು ಮೋರಿ ಬದಿಯಿಂದ ಶುರು ಮಾಡ್ತೀರಾ?'

'ಮಾಡುವ ಸರ್, ಅಲ್ಲಿ ಎರಡು ದಿನಕ್ಕೆ ಕೆಲಸ ಉಂಟು.'

ಈ 'ಆಗುವುದಿಲ್ಲ' ಅನ್ನುವ ಮಾತು ಬಹಳ ಬೆಲೆಯದ್ದು. ಹಾಗೆ ಹೇಳಿದವನ ಮೇಲೆ ರೇಗಿದರೆ ಮುಂದಿನ ವಾರದಿಂದ ಎಲ್ಲರೂ 'ಆಯ್ತು ಸರ್' ಅನ್ನುತ್ತಾರೆ, ಕೆಲಸ ಮಾತ್ರ ಆಗುವುದಿಲ್ಲ. ಸೋಮವಾರವೇ 'ಆಗುವುದಿಲ್ಲ' ಅಂತ ಗೊತ್ತಾದದ್ದರಿಂದ ಅಲ್ವಾ ಮೇಸ್ತ್ರಿಯ ಆಳುಗಳು ಗುರುವಾರ ಸುಮ್ನೆ ಕೂರುವುದು ತಪ್ಪಿದ್ದು?

ಮುಂದಿನ ಸೋಮವಾರ ಮೊದಲು ಹಳೆ ಪಟ್ಟಿ ನೋಡಿ. ಮುಗಿದದ್ದಕ್ಕೆ ಸರಿ, ಮುಗಿಯದ್ದಕ್ಕೆ ತಪ್ಪು ಗುರುತು. ಮುಕ್ಕಾಲು ಮುಗಿದಿದೆ ಅನ್ನುವ ಲೆಕ್ಕ ಬೇಡ, ಏಕೆಂದರೆ ಮುಕ್ಕಾಲು ಮುಗಿದ ಮೋರಿಯ ಮೇಲೆ ಗಾಡಿ ಹೋಗುವುದಿಲ್ಲ. ಹೇಳಿದ 10 ಕೆಲಸದಲ್ಲಿ 6 ಆದರೆ ಶೇಕಡ 60. ಆಗದ 4ಕ್ಕೆ ಕಾರಣ ಒಂದೊಂದು ಸಾಲಿನಲ್ಲಿ ಬರೆಯಿರಿ: ಸಾಮಗ್ರಿ ಬರಲಿಲ್ಲ, ಆಳು ಇಲ್ಲ, ಹಿಂದಿನ ಕೆಲಸ ಮುಗಿದಿಲ್ಲ, ಒಪ್ಪಿಗೆ ಇಲ್ಲ, ಮಳೆ. ಯಾರ ತಪ್ಪು ಅಂತ ಹುಡುಕುವುದಕ್ಕಲ್ಲ ಇದು. ಕೆಲವು ವಾರ ಬರೆದರೆ ಯಾವ ಕಾರಣ ಮತ್ತೆ ಮತ್ತೆ ಬರುತ್ತಿದೆ ಅಂತ ತಾನಾಗಿ ಕಾಣುತ್ತದೆ. 'ಒಪ್ಪಿಗೆ ಇಲ್ಲ' ಅನ್ನುವುದೇ ಜಾಸ್ತಿ ಇದ್ದರೆ ಗುತ್ತಿಗೆದಾರರಿಗೆ ನೋಟಿಸ್ ಕೊಟ್ಟು ಪ್ರಯೋಜನ ಇಲ್ಲ, ಕಚೇರಿಯ ಒಳಗೇ ಸರಿ ಮಾಡಬೇಕು.

ಇದರ ಜೊತೆಗೆ ಮುಂದಿನ ಆರು ವಾರದ ಕೆಲಸಗಳನ್ನೂ ಒಮ್ಮೆ ನೋಡಿ, ಯಾವುದಕ್ಕೆ ಏನು ಅಡ್ಡಿ ಇದೆ, ಅದನ್ನು ತೆಗೆಯುವವರು ಯಾರು ಅಂತ ಬರೆದಿಡಿ. ಅಡ್ಡಿ ಇರುವ ಕೆಲಸವನ್ನು ವಾರದ ಪಟ್ಟಿಗೆ ತರಲೇಬೇಡಿ.

ಒಬ್ಬೊಬ್ಬ ಜೆಇ ಕೈಯಲ್ಲಿ ಹಲವು ವಾರ್ಡ್ ಇರುತ್ತವೆ, ಮಂಗಳೂರು ಪಾಲಿಕೆಯಲ್ಲೇ 60 ವಾರ್ಡ್ ಇವೆ. ಪ್ರತಿ ಸೋಮವಾರ ಅವರಿಗೆ ಬರಲು ಆಗದಿದ್ದರೆ ಆ ಫ್ಲೆಕ್ಸ್ ಬರೆಯುವ ಕೆಲಸವನ್ನು ವಾರ್ಡ್ ಸಮಿತಿಯ ಒಬ್ಬರು ವಹಿಸಿಕೊಳ್ಳಿ, ಫೋಟೋ ತೆಗೆದು ಜೆಇಗೆ ಕಳುಹಿಸಿ. ಅಳತೆ, ಗುಣಮಟ್ಟ, ಬಿಲ್ ಅವರ ಜವಾಬ್ದಾರಿ. ಅದರಲ್ಲಿ ಕೈ ಹಾಕಬೇಡಿ.

ವಾಟ್ಸ್‌ಆ್ಯಪ್ ಗ್ರೂಪ್, ತಕರಾರು, ಜನ

ಗ್ರೂಪ್ ಮಾಡಿ, ಒಳ್ಳೆಯದು. ಗುಡ್ ಮಾರ್ನಿಂಗ್ ಬೇಡ, ಪಕ್ಷದ ಪೋಸ್ಟರ್ ಬೇಡ, ಸೈಟಿನ ಫೋಟೋ ಮತ್ತು ಪ್ರಶ್ನೆ ಮಾತ್ರ. ಆದರೆ ಗ್ರೂಪ್‌ನಲ್ಲಿ 'ಓಕೆ' ಅಂದದ್ದು ಆದೇಶ ಅಲ್ಲ. ಹೆಚ್ಚುವರಿ ಕೆಲಸ ಏನೇ ಇದ್ದರೂ, ಇನ್ನೆರಡು ಮೀಟರ್ ಗೋಡೆಯಾಗಲಿ ಒಂದು ಸ್ಲ್ಯಾಬ್ ಆಗಲಿ, ಲಿಖಿತ ಒಪ್ಪಿಗೆ ಆದ ಮೇಲೆಯೇ ಮಾಡಿಸಿ. ಇಲ್ಲದಿದ್ದರೆ ಅದು ಅಳತೆ ದಾಖಲಿಸುವ ಎಂಬಿ ಪುಸ್ತಕದಲ್ಲಿ ಏರುವುದಿಲ್ಲ, ಸಣ್ಣ ಗುತ್ತಿಗೆದಾರ ನಷ್ಟ ಮಾಡಿಕೊಳ್ಳುತ್ತಾನೆ, ಮುಂದಿನ ಸಲ ನಿಮ್ಮ ವಾರ್ಡಿನ ಟೆಂಡರ್‌ಗೆ ಯಾರೂ ಬರುವುದಿಲ್ಲ. ಒಂದೇ ರಸ್ತೆಗೆ ಎರಡು ನಿಧಿಯಿಂದ ಹಣ ಬಂದಿದ್ದರೆ, ಉದಾಹರಣೆಗೆ ಶಾಸಕರ ನಿಧಿ ಮತ್ತು ಹಣಕಾಸು ಆಯೋಗದ ಅನುದಾನ, ಯಾವ ಮೀಟರ್‌ನಿಂದ ಯಾವ ಮೀಟರ್‌ವರೆಗೆ ಯಾವ ಹಣ ಅಂತ ನಕಾಶೆಯಲ್ಲಿ ಗೆರೆ ಹಾಕಿ ಬರೆದಿಡಿ.

ತಕರಾರು ಬಂದೇ ಬರುತ್ತದೆ. ಅಮೆರಿಕದ ಸೇನೆಯ ಎಂಜಿನಿಯರ್ ವಿಭಾಗ 1980ರ ದಶಕದ ಕೊನೆಯಲ್ಲಿ ಗುತ್ತಿಗೆದಾರರ ಜೊತೆ ಕೋರ್ಟು ಕಚೇರಿ ಅಲೆದು ಸಾಕಾಗಿ, ಕೆಲಸ ಶುರುವಾಗುವ ಮೊದಲೇ ಎರಡೂ ಕಡೆಯವರು ಕೂತು ಜಗಳ ಬಂದರೆ ಹೇಗೆ ಬಗೆಹರಿಸುವುದು ಅಂತ ಒಪ್ಪಿಕೊಳ್ಳುವ ಕ್ರಮ ತಂದಿತು. ಇದನ್ನು ನಾವೂ ಮಾಡಬಹುದು. ಸೈಟಿನಲ್ಲಿ ಎರಡು ದಿನದೊಳಗೆ ಬಗೆಹರಿಯದಿದ್ದರೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ) ಹತ್ತಿರ, ಅಲ್ಲಿ ಒಂದು ವಾರ, ಆಮೇಲೆ ಕಾರ್ಯಪಾಲಕ ಎಂಜಿನಿಯರ್ (ಇಇ). ಇಷ್ಟು ದಿನದ ಮೇಲೆ ಯಾರ ಮೇಜಿನ ಮೇಲೂ ಫೈಲ್ ಇರಬಾರದು ಅಂತ ಮೊದಲ ಮೀಟಿಂಗ್‌ನಲ್ಲೇ ಎಲ್ಲರ ಸಹಿ ತೆಗೆದುಕೊಳ್ಳಿ.

ಮನೆಯವರ ವಿಷಯ ಸಣ್ಣದು ಅನ್ನಿಸಬಹುದು, ಅಲ್ಲ. ಯಾವ ಮನೆಯಲ್ಲಿ ಡಯಾಲಿಸಿಸ್‌ಗೆ ಹೋಗುವವರಿದ್ದಾರೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಗಾಲಿ ಕುರ್ಚಿ ಇದೆ ಅಂತ ಮೊದಲೇ ತಿಳಿದುಕೊಂಡು ಆ ಗೇಟುಗಳ ಮುಂದೆ ಹಲಗೆ ಹಾಸಿ ದಾರಿ ಬಿಡಿ. ನೀರು ನಿಲ್ಲುವ ದಿನವನ್ನು ಹಿಂದಿನ ದಿನವೇ ಹೇಳಿ. ಯಾರಾದರೂ ರಸ್ತೆ ಅಗಲಕ್ಕೆ ಜಾಗ ಬಿಟ್ಟುಕೊಡುತ್ತೇನೆ ಅಂದರೆ ಅದನ್ನು ಬಾಯಿಮಾತಿನಲ್ಲಿ ಬಿಡದೆ, ಅಳತೆ ಸಮೇತ ಬರೆಸಿಕೊಂಡು, ಒಡೆಯುವ ಕಂಪೌಂಡ್ ಯಾರು ಕಟ್ಟಿಕೊಡುವುದು ಅಂತಲೂ ಸೇರಿಸಿ. ಅಣ್ಣ-ತಮ್ಮಂದಿರ ಜಂಟಿ ಆಸ್ತಿಯಾದರೆ ಎಲ್ಲರ ಸಹಿ ಬೇಕು.

ಪಂಚಾಯತ್ ರಸ್ತೆಯಾದರೆ ಇದೇ ಕ್ರಮ, ಜನ ಮಾತ್ರ ಬೇರೆ. ಬೇಡಿಕೆ ವಾರ್ಡ್ ಸಭೆ, ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾಗಲಿ, ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹೆಸರು ಜವಾಬ್ದಾರಿ ಕಾಲಮ್‌ನಲ್ಲಿ ಬರಲಿ, ನೀರು ಬಿಡುವ ಪಂಪ್ ಆಪರೇಟರ್ ವಾಲ್ವ್‌ಮ್ಯಾನ್‌ನ ಜಾಗದಲ್ಲಿ ನಿಲ್ಲಲಿ.

ಮುಚ್ಚುವ ಮೊದಲು

ಗುಂಡಿ ಮುಚ್ಚುವ ಮೊದಲು ಪೈಪಿನ ಪಕ್ಕ ಅಳತೆ ಪಟ್ಟಿ ಇಟ್ಟು ಫೋಟೋ ತೆಗೆಯಿರಿ, ಕಂಪೌಂಡ್‌ನಿಂದ ಎಷ್ಟು ದೂರ, ಎಷ್ಟು ಆಳ ಎರಡೂ ಕಾಣಬೇಕು. ಮುಂದೆ ಬರುವ ಕೇಬಲ್‌ಗಳಿಗಾಗಿ ಪ್ರತಿ 50 ಮೀಟರ್‌ಗೆ ಒಂದರಂತೆ ರಸ್ತೆ ಅಡ್ಡಕ್ಕೆ ಖಾಲಿ ಪೈಪು ಹಾಕಿಸಿ, ಅದರ ತುದಿ ಎಲ್ಲಿದೆ ಅಂತ ಕಲ್ಲು ನೆಡಿ. ಕಾಂಕ್ರೀಟ್ ಹಾಕುವ ದಿನ ಬಲ ಪರೀಕ್ಷೆಗೆ ಬೇಕಾದ 150 ಮಿಲಿಮೀಟರ್‌ನ ಕಾಂಕ್ರೀಟ್ ಕ್ಯೂಬ್‌ಗಳನ್ನು ನಿಮ್ಮ ಕಣ್ಣೆದುರೇ ತುಂಬಿಸಿ ದಿನಾಂಕ ಬರೆಸಿ, 7 ಮತ್ತು 28 ದಿನದ ಪರೀಕ್ಷೆಯ ವರದಿ ಕೇಳಿ. ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟಿಗೆ ನೀರು ಹಿಡಿಸಲು, ನೀರು ಯಾರು ಬಿಡುವುದು ಅಂತ ಒಬ್ಬರ ಹೆಸರು ಫ್ಲೆಕ್ಸ್‌ನಲ್ಲಿ ಇರಲಿ, ಭಾನುವಾರಕ್ಕೂ ಸೇರಿಸಿ.

ಕೊನೆಗೆ ಆದದ್ದು ಆದ ಹಾಗೆ ತೋರಿಸುವ ನಕಾಶೆ ಒಂದನ್ನು ಗುತ್ತಿಗೆದಾರರಿಂದ ಪಡೆದು, ವಾಲ್ವ್, ಮ್ಯಾನ್‌ಹೋಲ್, ಖಾಲಿ ಪೈಪು, ಕೇಬಲ್ ಎಲ್ಲ ಗುರುತು ಇದೆಯಾ ಅಂತ ವಾಲ್ವ್‌ಮ್ಯಾನ್ ಜೊತೆ ನಡೆದು ನೋಡಿಯೇ ಕೊನೆಯ ಬಿಲ್‌ಗೆ ಕಳುಹಿಸಿ. ಅದರ ಪ್ರತಿ ಪಾಲಿಕೆಗೆ ಒಂದು, ಮೆಸ್ಕಾಂಗೆ ಒಂದು, ನೀರಿನವರಿಗೆ ಒಂದು, ಗ್ಯಾಸ್‌ನವರಿಗೆ ಒಂದು, ವಾರ್ಡ್ ಸಮಿತಿ ಫೈಲಿಗೆ ಒಂದು. ದೋಷ ಬಂದರೆ ಗುತ್ತಿಗೆದಾರರೇ ಸರಿ ಮಾಡಿಕೊಡಬೇಕಾದ ಅವಧಿ ಯಾವ ದಿನಕ್ಕೆ ಮುಗಿಯುತ್ತದೆ ಅಂತ ಒಪ್ಪಂದದಲ್ಲಿ ನೋಡಿ ಅದೇ ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ, ಆ ದಿನಕ್ಕೆ ಎರಡು ತಿಂಗಳು ಮೊದಲು ಇನ್ನೊಮ್ಮೆ ರಸ್ತೆ ನಡೆದು ಬಿರುಕು, ಕುಸಿತ ಇದ್ದರೆ ಫೋಟೋ ಸಮೇತ ಜೆಇಗೆ ಬರಹದಲ್ಲಿ ಕೊಡಿ.